ಮಗು ಸಂಗೀತ ಕಲಿಯುವಾಗ ನಾವೇನು ಮಾಡಬಹುದು?



ನಮ್ಮ ಮಕ್ಕಳು ಶಾಲೆಗೆ ಹೋಗುತ್ತಾರೆ. ಓದುತ್ತಾರೆ, ಬರೆಯುತ್ತಾರೆ. ಕೆಲವು ಮಕ್ಕಳಿಗೆ ಹಾಡಿನ ಮೇಲೆ ತುಂಬ ಆಸೆ. ಎಲ್ಲಿ ಭಜನೆ ನಡೆದರೂ ಅಲ್ಲಿ ಹೋಗಿ ಕೂರುತ್ತಾರೆ. ಡಬ್ಬಿ ಸಿಕ್ಕರೆ ತಬಲ ಮಾಡಿ ಬಾರಿಸುತ್ತಾರೆ. ಒಂದು ದಿನ ಮನೆಗೆ ಬಂದು, "ಯವ್ವಾ, ನಾನು ಸಂಗೀತ ಕಲೀತೀನಿ" ಅನ್ನುತ್ತಾರೆ.

ಆಗ ನಮಗೆ ದಿಗಿಲಾಗುತ್ತದೆ. "ನಮಗೇನು ಸಂಗೀತ ಗೊತ್ತದ? ನಾವೇನು ಹೇಳಿಕೊಡೋಣ? ದುಡ್ಡು ಎಲ್ಲಿಂದ ತರೋಣ?" ಎಂದು ಯೋಚಿಸುತ್ತೇವೆ. ಈ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಹುಡುಕೋಣ, ಬನ್ನಿ.

ಸಂಗೀತ ನಮಗೆ ಹೊಸದಲ್ಲ

ನಮಗೆ ಸಂಗೀತ ಗೊತ್ತಿಲ್ಲ ಎನ್ನುವುದು ನಿಜವೇ? ಸ್ವಲ್ಪ ನೆನಪು ಮಾಡಿಕೊಳ್ಳೋಣ. ತೊಟ್ಟಿಲು ತೂಗುವಾಗ ಜೋಗುಳ ಹಾಡಿದವರು ಯಾರು? ಮದುವೆಯಲ್ಲಿ ಸೋಬಾನೆ ಹಾಡಿದವರು ಯಾರು? ನಮ್ಮ ಅವ್ವಂದಿರು ಬೀಸುವ ಕಲ್ಲಿನ ಮುಂದೆ ಕೂತು ಹಾಡಿದರು. ಕಳೆ ಕೀಳುವಾಗ, ಕುಟ್ಟುವಾಗ ಹಾಡಿದರು. ಯಾರೂ ಅವರಿಗೆ ಪುಸ್ತಕ ಕೊಡಲಿಲ್ಲ. ಕೇಳಿ ಕೇಳಿ ಕಲಿತರು.

ಇನ್ನೊಂದು ಮಾತು. ನಳದ ಕೆಳಗೆ ಬಿಂದಿಗೆ ಇಟ್ಟು ನಾವು ಬೇರೆ ಕೆಲಸ ಮಾಡುತ್ತಿರುತ್ತೇವೆ. ಬಿಂದಿಗೆ ತುಂಬುತ್ತ ಬಂದ ಹಾಗೆ ಸದ್ದು ಬದಲಾಗುತ್ತದೆ. ಮೊದಲು ದಪ್ಪ ಸದ್ದು. ಆಮೇಲೆ ಸಣ್ಣ ಸದ್ದು. ನೋಡದೇ ಇದ್ದರೂ "ಬಿಂದಿಗೆ ತುಂಬಿತು" ಎಂದು ಓಡಿ ಹೋಗುತ್ತೇವೆ. ಹೌದಲ್ಲವೇ?

ಇದು ಹೇಗೆ ಗೊತ್ತಾಯಿತು? ನೀರು ಮೇಲೆ ಬಂದ ಹಾಗೆ ಬಿಂದಿಗೆಯೊಳಗೆ ಗಾಳಿಗೆ ಜಾಗ ಕಡಿಮೆಯಾಗುತ್ತದೆ. ಜಾಗ ಕಡಿಮೆಯಾದರೆ ದನಿ ಏರುತ್ತದೆ. ದನಿ ಏರಿತೋ ಇಳಿಯಿತೋ ಎಂದು ತಿಳಿಯುವುದೇ ಸಂಗೀತದ ಮೊದಲ ಪಾಠ. ಆ ಕಿವಿ ನಮಗೆ ಈಗಾಗಲೇ ಇದೆ.

ಏಳು ಅಕ್ಷರಗಳ ಪಾಠ

ನಾವು ಅಕ್ಷರ ಕಲಿತೆವು. ಅ, ಆ, ಇ, ಈ ತಿದ್ದಿದೆವು. ಮೊದಲು ಕೈ ನಡುಗುತ್ತಿತ್ತು. ಗೆರೆ ಸೊಟ್ಟ ಆಗುತ್ತಿತ್ತು. ಆದರೂ ಬಿಡಲಿಲ್ಲ. ಇವತ್ತು ಈ ಪುಸ್ತಕ ಓದುತ್ತಿದ್ದೇವೆ.

ಸಂಗೀತಕ್ಕೂ ಅಕ್ಷರಗಳಿವೆ. ಅವು ಏಳೇ ಏಳು. ಸ, ರಿ, ಗ, ಮ, ಪ, ಧ, ನಿ. ಇವನ್ನು ಸ್ವರ ಎನ್ನುತ್ತಾರೆ. ಷಡ್ಜ, ಋಷಭ, ಗಾಂಧಾರ, ಮಧ್ಯಮ, ಪಂಚಮ, ಧೈವತ, ನಿಷಾದ ಎಂಬುದು ಇವುಗಳ ಪೂರ್ತಿ ಹೆಸರು. ಹಿಂದುಸ್ತಾನಿ ಪದ್ಧತಿಯಲ್ಲಿ 'ರಿ' ಬದಲು 'ರೇ' ಎಂದು ಹಾಡುವುದೂ ಉಂಟು.

ಹಾರ್ಮೋನಿಯಂ ನೋಡಿದ್ದೀರಲ್ಲವೇ? ಅದರಲ್ಲಿ ಬಿಳಿ ಮನೆಗಳಿವೆ, ಕರಿ ಮನೆಗಳಿವೆ. ಒಂದು 'ಸ' ದಿಂದ ಮೇಲಿನ 'ಸ' ಬರುವುದರೊಳಗೆ 12 ಮನೆಗಳು. ಬಿಳಿ 7, ಕರಿ 5. ಎಷ್ಟು ದೊಡ್ಡ ಸಂಗೀತಗಾರರಾದರೂ ಈ ಮನೆಗಳ ದಾರಿಯಿಂದಲೇ ಸಾಗಬೇಕು.

ನಮ್ಮ ರಾಜ್ಯದಲ್ಲಿ ಎರಡು ಪದ್ಧತಿಯ ಶಾಸ್ತ್ರೀಯ ಸಂಗೀತ ಇದೆ. ಧಾರವಾಡ, ಗದಗ, ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ ಕಡೆ ಹಿಂದುಸ್ತಾನಿ ಹೆಚ್ಚು. ಮೈಸೂರು, ಬೆಂಗಳೂರು ಕಡೆ ಕರ್ನಾಟಕ ಸಂಗೀತ ಹೆಚ್ಚು. ಕರ್ನಾಟಕ ಸಂಗೀತ ಕಲಿಯುವ ಮಗು ಮೊದಲು ಸರಳೆ ವರಸೆ, ಜಂಟಿ ವರಸೆ ಹಾಡುತ್ತದೆ. ಪುರಂದರದಾಸರು ಈ ಪಾಠಗಳನ್ನು ಹಾಕಿಕೊಟ್ಟರು ಎಂದು ಹೇಳುತ್ತಾರೆ. ಹಿಂದುಸ್ತಾನಿ ಕಲಿಯುವ ಮಗು ಅಲಂಕಾರ, ಪಲ್ಟಾ ಹಾಡುತ್ತದೆ. ಹೆಸರು ಬೇರೆ, ಕೆಲಸ ಒಂದೇ. ನಾವು ಕಾಗುಣಿತ ತಿದ್ದಿದ ಹಾಗೆ ಅವರು ಸ್ವರ ತಿದ್ದುತ್ತಾರೆ.

ಪುಸ್ತಕ ಹಿಡಿದು ಕೂರೋಣ

ಈಗ ಮುಖ್ಯವಾದ ಮಾತಿಗೆ ಬರೋಣ. ಮಗುವಿನ ಸಂಗೀತದ ನೋಟ್ ಪುಸ್ತಕ ತೆಗೆದು ನೋಡಿ. ಅದರಲ್ಲಿ ಹೀಗೆ ಬರೆದಿರುತ್ತದೆ:

ಸರಿಗ, ರಿಗಮ, ಗಮಪ, ಮಪಧ, ಪಧನಿ, ಧನಿಸ.

ಓದಲು ಬಂತೇ? ಬಂತು! ಈ ಅಕ್ಷರಗಳೆಲ್ಲ ನಮಗೆ ಗೊತ್ತು. ಹಾಡಲು ಬಾರದಿದ್ದರೂ ಓದಲು ಬರುತ್ತದೆ. ಮಗು ಹಾಡುವಾಗ ನಾವು ಪುಸ್ತಕ ಹಿಡಿದು, ಸಾಲಿನ ಮೇಲೆ ಬೆರಳು ಇಟ್ಟು ನೋಡಬಹುದು. ನಡುವೆ ಒಂದು ತುಂಡು ಬಿಟ್ಟುಹೋದರೆ, "ಮಪಧ ಬಿಟ್ಟಿ ನೋಡವ್ವ" ಎಂದು ಹೇಳಬಹುದು.

ಹಿಂದುಸ್ತಾನಿ ಪುಸ್ತಕಗಳಲ್ಲಿ ಅಕ್ಷರದ ಜೊತೆ ಕೆಲವು ಗುರುತುಗಳೂ ಇರುತ್ತವೆ. ಅಕ್ಷರದ ತಲೆಯ ಮೇಲೆ ಚುಕ್ಕೆ ಇದ್ದರೆ ಮೇಲಿನ ದನಿಯಲ್ಲಿ ಹಾಡಬೇಕು. ಕೆಳಗೆ ಚುಕ್ಕೆ ಇದ್ದರೆ ಕೆಳಗಿನ ದನಿಯಲ್ಲಿ ಹಾಡಬೇಕು. ಅಕ್ಷರದ ಕೆಳಗೆ ಅಡ್ಡಗೆರೆ ಇದ್ದರೆ ಅದು ಕೋಮಲ ಸ್ವರ, ಅಂದರೆ ಸ್ವಲ್ಪ ಇಳಿದ ಸ್ವರ. 'ಮ' ದ ಮೇಲೆ ನೆಟ್ಟಗೆ ಒಂದು ಗೆರೆ ಇದ್ದರೆ ಅದು ತೀವ್ರ ಸ್ವರ, ಅಂದರೆ ಸ್ವಲ್ಪ ಏರಿದ ಸ್ವರ. ಈ ನಾಲ್ಕು ಗುರುತು ತಿಳಿದರೆ ಪುಸ್ತಕದ ಅರ್ಧ ಗುಟ್ಟು ತಿಳಿದ ಹಾಗೆ.

ಕೆಲವು ಗುರುಗಳು ಬೇರೆ ಗುರುತು ಬಳಸುತ್ತಾರೆ. ಮಗುವನ್ನೇ ಕೇಳಿ. "ಇದು ಏನು, ಹೇಳು" ಎಂದು ಕೇಳಿದರೆ ಮಗುವಿಗೆ ಹಿಗ್ಗು. ಅವ್ವನಿಗೆ ಹೇಳಿಕೊಟ್ಟ ಪಾಠ ಮಗುವಿಗೆ ಮರೆಯುವುದಿಲ್ಲ.

ತಾಳ ಹಾಕುವುದೂ ನಮ್ಮಿಂದ ಆಗುತ್ತದೆ. ತೀನ್‌ತಾಲ್ ಎಂಬ ತಾಳದಲ್ಲಿ 16 ಎಣಿಕೆ. 1, 5, 13 ಬಂದಾಗ ಚಪ್ಪಾಳೆ. 9 ಬಂದಾಗ ಚಪ್ಪಾಳೆ ಇಲ್ಲ, ಕೈ ಬೀಸಬೇಕು. ಆದಿತಾಳದಲ್ಲಿ 8 ಎಣಿಕೆ. ಒಂದು ಚಪ್ಪಾಳೆ, ಮೂರು ಬೆರಳ ಎಣಿಕೆ, ಒಂದು ಚಪ್ಪಾಳೆ, ಒಂದು ಬೀಸು, ಮತ್ತೆ ಚಪ್ಪಾಳೆ, ಮತ್ತೆ ಬೀಸು. ರೊಟ್ಟಿ ಬಡಿಯುವ ಕೈಗೆ ಇದು ಕಷ್ಟವೇ?

ದನಿ ಎಲ್ಲಿಂದ ಬರುತ್ತದೆ?

ಗಂಟಲ ಮೇಲೆ ಕೈ ಇಟ್ಟು "ಮ್..." ಎಂದು ಸದ್ದು ಮಾಡಿ. ಒಳಗೆ ಏನೋ ನಡುಗುವುದು ಕೈಗೆ ತಿಳಿಯುತ್ತದೆ. ನಮ್ಮ ಗಂಟಲಿನಲ್ಲಿ ಎರಡು ಚಿಕ್ಕ ಮಡಿಕೆಗಳಿವೆ. ಅವಕ್ಕೆ ಧ್ವನಿತಂತು ಎನ್ನುತ್ತಾರೆ. ಉಸಿರು ಹೊರಗೆ ಬರುವಾಗ ಅವು ಒಂದು ಸೆಕೆಂಡಿಗೆ ನೂರಾರು ಸಲ ನಡುಗುತ್ತವೆ. ಅದೇ ದನಿ.

ಇವು ಬಹಳ ನಾಜೂಕು. ಕಿರುಚಿದರೆ ಬಾತುಕೊಳ್ಳುತ್ತವೆ. ಆದ್ದರಿಂದ ಮಗುವಿಗೆ "ಇನ್ನೂ ಜೋರಾಗಿ ಹಾಡು" ಎಂದು ಒತ್ತಾಯ ಮಾಡಬಾರದು. ಹಾಡುವ ಮೊದಲು, ಹಾಡಿದ ಮೇಲೆ ಸ್ವಲ್ಪ ನೀರು ಕುಡಿಸಿ. ನೆಗಡಿ, ಜ್ವರ, ಗಂಟಲು ನೋವು ಇದ್ದ ದಿನ ಹಾಡುವುದು ಬೇಡ. ಆ ದಿನ ಕೂತು ಕೇಳಲಿ. ಕೇಳುವುದೂ ಪಾಠವೇ. ದನಿ ಒಡೆದು ಎರಡು ಮೂರು ವಾರ ಕಳೆದರೂ ಸರಿಹೋಗದಿದ್ದರೆ ಡಾಕ್ಟರಿಗೆ ತೋರಿಸಬೇಕು. ಕಂಡವರು ಹೇಳಿದ ಔಷಧಿ ಗಂಟಲಿಗೆ ಹಾಕಬಾರದು.

ಅಡುಗೆಮನೆಯ ಹೊಗೆ, ಬೀಡಿಯ ಹೊಗೆ ಎರಡೂ ಗಂಟಲಿಗೆ ಶತ್ರು. ಮಗು ಹಾಡುವ ಹೊತ್ತಿನಲ್ಲಿ ಮನೆಯೊಳಗೆ ಬೀಡಿ ಸೇದಬಾರದೆಂದು ಗಂಡಸರಿಗೆ ಹೇಳೋಣ. ಹಾಡುವ ಹೊತ್ತಿನಲ್ಲಿ ಮಾತ್ರ ಯಾಕೆ, ಯಾವಾಗಲೂ ಬೇಡ.

ಗಂಡು ಮಕ್ಕಳಿಗೆ 12ರಿಂದ 15 ವರ್ಷದ ಸುಮಾರಿಗೆ ದನಿ ಒಡೆಯುತ್ತದೆ. ಧ್ವನಿತಂತು ಉದ್ದವಾಗಿ, ದಪ್ಪವಾಗಿ ಬೆಳೆಯುವ ಕಾಲ ಅದು. ಹಾಡುತ್ತಿದ್ದ ಹುಡುಗನ ದನಿ ಒಮ್ಮೆಲೇ ಗೊಗ್ಗರಾಗುತ್ತದೆ. ಹುಡುಗ ನಾಚುತ್ತಾನೆ. "ನನಗಿನ್ನು ಸಂಗೀತ ಬ್ಯಾಡ" ಅನ್ನುತ್ತಾನೆ. ಆಗ ನಗಬಾರದು. "ಇದು ಎಲ್ಲರಿಗೂ ಆಗತದಪ್ಪಾ, ಕೆಲವು ತಿಂಗಳು ತಾಳು" ಎಂದು ಧೈರ್ಯ ಹೇಳಬೇಕು. ಆ ತಿಂಗಳುಗಳಲ್ಲಿ ಮೆಲ್ಲಗೆ ಹಾಡಲಿ. ಹಾರ್ಮೋನಿಯಂ, ತಬಲ ಕಲಿಯಲಿ.

ಒಬ್ಬ ತಾಯಿ ಮಾಡಿದ ಕೆಲಸ

ಗಂಗೂಬಾಯಿ ಹಾನಗಲ್ ಅವರ ಹೆಸರು ಕೇಳಿದ್ದೀರಿ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ಅವರ ತಾಯಿ ಅಂಬಾಬಾಯಿ. ಅಂಬಾಬಾಯಿ ಚೆನ್ನಾಗಿ ಹಾಡುತ್ತಿದ್ದರು. ಅವರು ಹಾಡುತ್ತಿದ್ದದ್ದು ಕರ್ನಾಟಕ ಸಂಗೀತ. ಮಗಳಿಗೆ ಒಲವು ಬಂದದ್ದು ಹಿಂದುಸ್ತಾನಿ ಸಂಗೀತದ ಮೇಲೆ.

ಆಗ ಅಂಬಾಬಾಯಿ ಏನು ಮಾಡಿದರು? "ನನ್ನ ಹಾಡು ಮಗಳ ಕಿವಿಯಲ್ಲಿ ಬಿದ್ದರೆ ಅವಳ ಕಲಿಕೆ ಕಲಬೆರಕೆ ಆದೀತು" ಎಂದು ಯೋಚಿಸಿದರು. ತಮ್ಮ ಹಾಡನ್ನೇ ನಿಲ್ಲಿಸಿದರು. ಮಗಳ ಕಲಿಕೆಗಾಗಿ ಮನೆಯವರು ಧಾರವಾಡ ಬಿಟ್ಟು ಹುಬ್ಬಳ್ಳಿಗೆ ಬಂದು ನೆಲೆಸಿದರು.

ಅದು ಹಾಡುವ ಹೆಂಗಸರನ್ನು ಜನ ಕೀಳಾಗಿ ಕಾಣುತ್ತಿದ್ದ ಕಾಲ. ಬೀದಿಯಲ್ಲಿ ಹೋಗುವಾಗ ಗಂಗೂಬಾಯಿಯವರನ್ನು ಹೀಯಾಳಿಸುತ್ತಿದ್ದರು. ಅವರು ಎದೆಗುಂದಲಿಲ್ಲ. ಮುಂದೆ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಸವಾಯಿ ಗಂಧರ್ವರ ಹತ್ತಿರ ಕಲಿತರು. ಮಗಳು ದೇಶಕ್ಕೇ ಹೆಸರಾದದ್ದನ್ನು ನೋಡಲು ಅಂಬಾಬಾಯಿ ಉಳಿಯಲಿಲ್ಲ. ಅದಕ್ಕೆ ಮೊದಲೇ ತೀರಿಕೊಂಡರು.

ಗಂಗೂಬಾಯಿಯವರಿಗೆ ಗಂಟಲಿನ ತೊಂದರೆ ಆಗಿತ್ತು. ಚಿಕಿತ್ಸೆಯಾದ ಮೇಲೆ ದನಿ ಗಡುಸಾಯಿತು. "ಹೆಣ್ಣಿನ ದನಿ ಹಿಂಗಿರತದೇನು?" ಎಂದವರೂ ಇದ್ದರು. ಆದರೆ ಆ ಗಡುಸು ದನಿಯೇ ಅವರ ಗುರುತಾಯಿತು. ಸರ್ಕಾರ ಅವರಿಗೆ 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ ಕೊಟ್ಟಿತು. 2009ರಲ್ಲಿ ಅವರು ತೀರಿಕೊಂಡರು. ಅವರು ಶಾಲೆ ಓದಿದ್ದು ಪ್ರಾಥಮಿಕದವರೆಗೆ ಮಾತ್ರ. ಇವತ್ತು ಮೈಸೂರಿನಲ್ಲಿ ಅವರ ಹೆಸರಿನ ಸಂಗೀತ ವಿಶ್ವವಿದ್ಯಾಲಯ ಇದೆ.

ನಾವೂ ಅಂಬಾಬಾಯಿಯ ಹಾಗೆ ಹಾಡು ನಿಲ್ಲಿಸಬೇಕೇ? ಬೇಡ. ಈಗಿನ ಕಾಲಕ್ಕೆ ಅದರ ಅಗತ್ಯ ಇಲ್ಲ. ನಮ್ಮ ಹಾಡು ಮಗುವಿನ ಕಿವಿಗೆ ಬೀಳಲಿ. ಆದರೆ ಒಂದು ಮಾತು ತಿಳಿಯೋಣ. ಮಗುವಿನ ಕಲಿಕೆಗೆ ಏನು ಅಡ್ಡ ಬರುತ್ತದೆ ಎಂದು ಆ ತಾಯಿ ಹುಡುಕಿದರು. ಅದನ್ನು ಬದಿಗಿಟ್ಟರು. ನಮ್ಮ ಮನೆಯಲ್ಲಿ ಏನು ಅಡ್ಡ ಬರುತ್ತದೆ? ಟಿವಿಯೇ? ಜಗಳವೇ? ಕೆಲಸದ ಹೊರೆಯೇ? ನಾವೂ ಹುಡುಕಬೇಕು.

ಹೆಣ್ಣು ಮಗುವಿಗೆ ಹೊತ್ತು ಕೊಡೋಣ

ಅನೇಕ ಮನೆಗಳಲ್ಲಿ ಹೀಗೆ ನಡೆಯುತ್ತದೆ. ಅಣ್ಣ, ತಂಗಿ ಇಬ್ಬರೂ ಸಂಗೀತಕ್ಕೆ ಹೋಗುತ್ತಾರೆ. ಸಂಜೆ ಅಣ್ಣ ಹಾರ್ಮೋನಿಯಂ ಮುಂದೆ ಕೂರುತ್ತಾನೆ. ತಂಗಿ ಪಾತ್ರೆ ತೊಳೆಯುತ್ತಾಳೆ, ಕಸ ಗುಡಿಸುತ್ತಾಳೆ, ಚಿಕ್ಕ ಕೂಸನ್ನು ಎತ್ತಿಕೊಳ್ಳುತ್ತಾಳೆ. ಆರು ತಿಂಗಳಾದ ಮೇಲೆ, "ಹುಡುಗ ಚಲೋ ಹಾಡ್ತಾನ, ಹುಡುಗಿಗೆ ತಲೆಗೆ ಹತ್ತಂಗಿಲ್ಲ" ಅನ್ನುತ್ತಾರೆ.

ತಲೆಗೆ ಹತ್ತಲಿಲ್ಲವೇ? ಹೊತ್ತೇ ಸಿಗಲಿಲ್ಲವೇ? ನಾವೇ ಯೋಚಿಸಬೇಕು.

ನಮಗೂ ಚಿಕ್ಕಂದಿನಲ್ಲಿ ಹೊತ್ತು ಸಿಗಲಿಲ್ಲ. ಅದಕ್ಕೇ ದೊಡ್ಡವರಾದ ಮೇಲೆ ಅಕ್ಷರ ಕಲಿತೆವು. ನಮ್ಮ ಹೆಣ್ಣು ಮಗುವಿಗೆ ದಿನಕ್ಕೆ ಅರ್ಧ ಗಂಟೆ ಕೊಡೋಣ. ಅಷ್ಟು ಹೊತ್ತು ಪಾತ್ರೆಯನ್ನು ಅಣ್ಣ ತೊಳೆಯಲಿ. ಅಣ್ಣನ ಹೊತ್ತು ಬಂದಾಗ ಅವಳು ತೊಳೆಯಲಿ. ಕೆಲಸ ಇಬ್ಬರದೂ, ಹಾಡೂ ಇಬ್ಬರದೂ.

ದಿನಕ್ಕೆ ಎಷ್ಟು ಹೊತ್ತು?

ಸಂಗೀತದ ಅಭ್ಯಾಸಕ್ಕೆ ರಿಯಾಜ್ ಎನ್ನುತ್ತಾರೆ. ಸಾಧನೆ ಎಂದೂ ಹೇಳುತ್ತಾರೆ. ಒಂದೇ ದಿನ ಮೂರು ಗಂಟೆ ಹಾಡಿ ಆರು ದಿನ ಬಿಟ್ಟರೆ ಉಪಯೋಗ ಇಲ್ಲ. ಗಿಡಕ್ಕೆ ವಾರಕ್ಕೊಮ್ಮೆ ಹತ್ತು ಕೊಡ ನೀರು ಸುರಿದರೆ ಬೆಳೆದೀತೇ? ದಿನಕ್ಕೆ ಒಂದು ಚೊಂಬು ಸಾಕು.

ಏಳೆಂಟು ವರ್ಷದ ಮಗುವಿಗೆ ಬೆಳಗ್ಗೆ 15 ನಿಮಿಷ, ಸಂಜೆ 15 ನಿಮಿಷ ಸಾಕು. ದೊಡ್ಡದಾದ ಹಾಗೆ ಗುರುಗಳು ಹೇಳಿದಷ್ಟು ಹೆಚ್ಚಿಸಬಹುದು. ಹೊತ್ತು ಒಂದೇ ಇರಲಿ. ಜಾಗವೂ ಒಂದೇ ಇರಲಿ. ಮನೆ ಚಿಕ್ಕದಿದ್ದರೆ ಒಂದು ಮೂಲೆ, ಒಂದು ಚಾಪೆ ಸಾಕು. ಆ ಹೊತ್ತಿಗೆ ಟಿವಿ ಬಂದ್ ಮಾಡೋಣ. ಊಟ ಮಾಡಿದ ಕೂಡಲೇ ಹಾಡಲು ಕೂರಿಸಬಾರದು. ಹೊಟ್ಟೆ ಬಿರಿಯ ತುಂಬಿದ್ದರೆ ಉಸಿರು ಸಾಲದು.

ನಾವು ಒಂದು ಚಿಕ್ಕ ಲೆಕ್ಕ ಬರೆದಿಡಬಹುದು. ಹೀಗೆ:

ಸೋಮವಾರ – ಅಲಂಕಾರ 1, 2 – 20 ನಿಮಿಷ.
ಮಂಗಳವಾರ – ಅಲಂಕಾರ 2 – 15 ನಿಮಿಷ.
ಬುಧವಾರ – ನೆಗಡಿ. ಹಾಡಲಿಲ್ಲ. ಕೇಳಿದಳು.
ಗುರುವಾರ – ಅಲಂಕಾರ 2, 3 – 25 ನಿಮಿಷ.

ಇದನ್ನು ನಾವೇ ಬರೆಯಬೇಕು. ಮಗುವಿನ ಅಭ್ಯಾಸದ ಜೊತೆ ನಮ್ಮ ಬರವಣಿಗೆಯ ಅಭ್ಯಾಸವೂ ಆಗುತ್ತದೆ. ತಿಂಗಳ ಕೊನೆಗೆ ಗುರುಗಳಿಗೆ ತೋರಿಸಬಹುದು. ಬಿಟ್ಟ ದಿನಕ್ಕೆ ಬೈಯಲು ಈ ಲೆಕ್ಕ ಅಲ್ಲ. ನಡೆದ ದಾರಿ ಎಷ್ಟು ಎಂದು ನೋಡಲು.

ಗುರುಗಳನ್ನು ಹೇಗೆ ಆರಿಸಬೇಕು?

ಮೊದಲು ಶಾಲೆಯಲ್ಲಿ ಕೇಳಿ. ಕೆಲವು ಶಾಲೆಗಳಲ್ಲಿ ಸಂಗೀತದ ಮಾಸ್ತರರು, ಅಕ್ಕೋರು ಇರುತ್ತಾರೆ. ಊರಿನ ಭಜನಾ ಮಂಡಳಿ, ಮಠ, ಗುಡಿಯಲ್ಲಿ ಹೇಳಿಕೊಡುವವರು ಇದ್ದಾರೆಯೇ ನೋಡಿ.

ಗದಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರು ಎಲ್ಲರಿಗೂ ಗೊತ್ತು. ಪಂಚಾಕ್ಷರ ಗವಾಯಿಗಳಿಗೆ ಕಣ್ಣು ಕಾಣುತ್ತಿರಲಿಲ್ಲ. ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಕಾಣುತ್ತಿರಲಿಲ್ಲ. ಆದರೂ ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಊಟ ಹಾಕಿ, ಜಾಗ ಕೊಟ್ಟು, ಸಂಗೀತ ಕಲಿಸಿದರು. ಜಾತಿ ಕೇಳಲಿಲ್ಲ. ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಂಡರು. ಅವರಿಂದ ಕಲಿತವರು ನಾಡಿನ ಎಷ್ಟೋ ಊರುಗಳಲ್ಲಿ ಇಂದು ಸಂಗೀತ ಕಲಿಸುತ್ತಿದ್ದಾರೆ. ನಮ್ಮ ಮಗುವಿಗೆ ಕಣ್ಣು ಕಾಣದಿದ್ದರೆ, ಕಾಲು ಬಾರದಿದ್ದರೆ, "ಇದರಿಂದ ಏನೂ ಆಗೂದಿಲ್ಲ" ಎಂದು ಮೂಲೆಗೆ ಕೂರಿಸಬಾರದು.

ಗುರುಗಳ ಹತ್ತಿರ ಬಿಡುವ ಮೊದಲು ನಾವೇ ಒಂದು ಸಲ ಹೋಗಿ ಕೂತು ನೋಡಬೇಕು. ಮಕ್ಕಳ ಜೊತೆ ಹೇಗೆ ಮಾತಾಡುತ್ತಾರೆ? ಹೊಡೆಯುತ್ತಾರೆಯೇ? ಬಾಗಿಲು ತೆರೆದಿರುತ್ತದೆಯೇ? ಬೇರೆ ಮಕ್ಕಳು ಇರುತ್ತಾರೆಯೇ? ಇವನ್ನು ಕೇಳಲು ನಾಚಬಾರದು. ಒಳ್ಳೆಯ ಗುರುಗಳು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಗುರುಗಳಿಗೆ ಗೌರವ ಕೊಡಬೇಕು. ಆದರೆ ಮಗುವಿನ ಮಾತನ್ನೂ ಕೇಳಬೇಕು. ಖುಷಿಯಿಂದ ಹೋಗುತ್ತಿದ್ದ ಮಗು ಒಮ್ಮೆಲೇ "ನಾ ಒಲ್ಲೆ" ಎಂದು ಅತ್ತರೆ ಬೈಯಬೇಡಿ. ಹತ್ತಿರ ಕೂರಿಸಿಕೊಂಡು ಮೆಲ್ಲಗೆ ಕೇಳಿ. ಮೈ ಮುಟ್ಟುವುದು, ಹೆದರಿಸುವುದು ಇಂಥದ್ದು ಏನಾದರೂ ಗೊತ್ತಾದರೆ ಮಗುವನ್ನು ಮತ್ತೆ ಅಲ್ಲಿಗೆ ಕಳಿಸಬಾರದು. ಮಕ್ಕಳ ಸಹಾಯವಾಣಿಯ ನಂಬರ್ 1098. ದುಡ್ಡು ಕೊಡಬೇಕಿಲ್ಲ. ಈ ನಂಬರನ್ನು ಗೋಡೆಯ ಮೇಲೆ ಬರೆದಿಡಿ.

ಖರ್ಚಿನ ಮಾತು

"ಯಕ್ಕಾ, ಹಾರ್ಮೋನಿಯಂ ತರಾಕ ರೊಕ್ಕ ಎಲ್ಲೈತಿ?" ಎಂದು ಕೇಳುತ್ತೀರಿ. ಮೊದಲ ದಿನವೇ ಹಾರ್ಮೋನಿಯಂ ಬೇಡ. ಹಾಡು ಕಲಿಯಲು ಮೊದಲು ಬೇಕಾದದ್ದು ಒಂದು ಗಟ್ಟಿ 'ಸ'. ಆ 'ಸ' ಹಿಡಿಯಲು ತಂಬೂರಿ ಬೇಕು. ಈಗ ಮೊಬೈಲಿನಲ್ಲಿ ತಂಬೂರಿಯ ದನಿ ಕೊಡುವ ಆ್ಯಪ್‌ಗಳಿವೆ. ದುಡ್ಡು ಇಲ್ಲದೆ ಸಿಗುವವೂ ಇವೆ. ಮಗುವಿಗೆ ಯಾವ ಶ್ರುತಿ ಎಂದು ಗುರುಗಳು ಹೇಳುತ್ತಾರೆ. ಅದನ್ನೇ ಹಚ್ಚಿಕೊಟ್ಟು ಮೊಬೈಲನ್ನು ದೂರ ಇಡಿ. ಇಲ್ಲದಿದ್ದರೆ ಮಗು ಹಾಡು ಬಿಟ್ಟು ಆಟ ನೋಡುತ್ತದೆ.

ಒಂದು ವರ್ಷ ಬಿಡದೆ ಕಲಿತ ಮೇಲೆ ವಾದ್ಯದ ಮಾತು ಆಡೋಣ. ಬಳಸಿದ ಹಾರ್ಮೋನಿಯಂ ಕಡಿಮೆ ಬೆಲೆಗೆ ಸಿಗುತ್ತದೆ. ಕೊಳ್ಳುವಾಗ ಗುರುಗಳನ್ನು ಜೊತೆಗೆ ಕರೆದುಕೊಂಡು ಹೋಗಿ. ಗಾಳಿ ಸೋರುತ್ತದೆಯೇ, ಎಲ್ಲ ಮನೆಗಳೂ ನುಡಿಯುತ್ತವೆಯೇ ಎಂದು ಅವರು ನೋಡುತ್ತಾರೆ. ಸ್ವಸಹಾಯ ಸಂಘದಲ್ಲಿ ಸಾಲ ತೆಗೆಯುವುದಿದ್ದರೆ ಎಷ್ಟು ಕಂತು, ಎಷ್ಟು ಬಡ್ಡಿ ಎಂದು ಓದಿ ಸಹಿ ಮಾಡಿ. ನಾಲ್ಕು ಮನೆಯ ಮಕ್ಕಳು ಕಲಿಯುತ್ತಿದ್ದರೆ ನಾಲ್ಕು ಮನೆಯವರು ಸೇರಿ ಒಂದು ಕೊಳ್ಳಬಹುದು.

ತಂದ ಮೇಲೆ ಜೋಪಾನ ಮಾಡಬೇಕು. ಹಾರ್ಮೋನಿಯಂಗೆ ಬಟ್ಟೆ ಹೊದಿಸಿ. ಇಲಿ, ಗೆದ್ದಲು ಹತ್ತದ ಕಡೆ ಇಡಿ. ತಬಲಕ್ಕೆ ಚರ್ಮ ಬಿಗಿದಿರುತ್ತದೆ. ತೇವ ತಾಗಿದರೆ ದನಿ ಕೆಡುತ್ತದೆ. ನಡುವಿನ ಕಪ್ಪು ಭಾಗಕ್ಕೆ ನೀರು ತಾಗಲೇಬಾರದು. ಒಲೆಯ ಹತ್ತಿರವೂ ಇಡಬಾರದು.

ಕೇಳಲು ಖರ್ಚೇ ಇಲ್ಲ. ಧಾರವಾಡ ಆಕಾಶವಾಣಿ 1950ರಿಂದ ಹಾಡು ಕೇಳಿಸುತ್ತ ಬಂದಿದೆ. ಜಾತ್ರೆಯಲ್ಲಿ, ಹಬ್ಬದಲ್ಲಿ ಕಛೇರಿ ನಡೆದರೆ ಮಗುವನ್ನು ಕರೆದುಕೊಂಡು ಹೋಗೋಣ. ಮುಂದೆ ಕೂರಿಸೋಣ.

ಪರೀಕ್ಷೆ, ಸ್ಪರ್ಧೆ

ಸಂಗೀತಕ್ಕೂ ಪರೀಕ್ಷೆಗಳಿವೆ. ನಮ್ಮ ರಾಜ್ಯದಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಎಂಬ ಮೆಟ್ಟಿಲುಗಳಿವೆ. ಹಿಂದುಸ್ತಾನಿ ಕಲಿಯುವವರು ಗಂಧರ್ವ ಮಹಾವಿದ್ಯಾಲಯ ಮಂಡಳದ ಪರೀಕ್ಷೆಗೂ ಕೂರುತ್ತಾರೆ. ಅರ್ಜಿ ಯಾವಾಗ, ಶುಲ್ಕ ಎಷ್ಟು ಎಂದು ಗುರುಗಳನ್ನು ಕೇಳಿ. ಅರ್ಜಿಯನ್ನು ನಾವೇ ಓದೋಣ. ಮಗುವಿನ ಹೆಸರು, ಹುಟ್ಟಿದ ತಾರೀಖು ಶಾಲೆಯ ದಾಖಲೆಯಲ್ಲಿ ಇದ್ದ ಹಾಗೇ ಇದೆಯೇ ನೋಡೋಣ. ಸರ್ಟಿಫಿಕೇಟನ್ನು ಜೋಪಾನವಾಗಿ ಇಡೋಣ.

ಶಾಲೆಗಳಲ್ಲಿ ಪ್ರತಿಭಾ ಕಾರಂಜಿ ನಡೆಯುತ್ತದೆ. ಅಲ್ಲಿ ಮಗು ಹಾಡಲಿ. ಬಹುಮಾನ ಬಂದರೆ ಸಂತೋಷ. ಬಾರದಿದ್ದರೆ, "ಆಕೀನ ನೋಡು, ಹೆಂಗ ಹಾಡಿದ್ಲು" ಎಂದು ಚುಚ್ಚಬಾರದು. ನಮ್ಮ ಕಲಿಕಾ ಕೇಂದ್ರದಲ್ಲಿ ಯಾರಾದರೂ ನಮ್ಮನ್ನು ಹಾಗೆ ಚುಚ್ಚಿದ್ದರೆ ನಾವು ಮರುದಿನ ಬರುತ್ತಿದ್ದೆವೇ?

"ಹಾಡಿದರೆ ಹೊಟ್ಟೆ ತುಂಬತದೇನು?"

ಈ ಮಾತನ್ನು ಮನೆಯವರು ಕೇಳುತ್ತಾರೆ. ಅತ್ತೆಯವರು ಕೇಳುತ್ತಾರೆ. ಗಂಡ ಕೇಳುತ್ತಾನೆ. ಸುಳ್ಳು ಉತ್ತರ ಕೊಡುವುದು ಬೇಡ. ಸಂಗೀತ ಕಲಿತ ಎಲ್ಲರೂ ದೊಡ್ಡ ಗಾಯಕರಾಗುವುದಿಲ್ಲ. ಟಿವಿಯಲ್ಲಿ ಬಂದ ಮಕ್ಕಳನ್ನು ನೋಡಿ ಆಸೆಪಟ್ಟು ಶಾಲೆ ಬಿಡಿಸಬಾರದು. ಓದು ಒಂದು ಕಾಲು, ಹಾಡು ಇನ್ನೊಂದು ಕಾಲು. ಎರಡೂ ಬೇಕು.

ಹಾಗಾದರೆ ಏನು ಲಾಭ? ಕಲಿತವರಲ್ಲಿ ಕೆಲವರು ಸಂಗೀತದ ಶಿಕ್ಷಕರಾಗುತ್ತಾರೆ. ಕೆಲವರು ನಾಟಕಕ್ಕೆ, ಭಜನೆಗೆ, ಕಛೇರಿಗೆ ಸಾಥ್ ಕೊಡುತ್ತಾರೆ. ಉಳಿದವರಿಗೂ ನಷ್ಟ ಇಲ್ಲ. ಒಂದು ಕೆಲಸವನ್ನು ದಿನವೂ ಬಿಡದೆ ಮಾಡುವುದು ಬರುತ್ತದೆ. ಗಮನವಿಟ್ಟು ಕೇಳುವುದು ಬರುತ್ತದೆ. ನಾಲ್ಕು ಜನರ ಮುಂದೆ ಹೆದರದೆ ನಿಲ್ಲುವುದು ಬರುತ್ತದೆ. ದುಃಖ ಬಂದಾಗ ಒಂದು ಹಾಡು ಜೊತೆಗಿರುತ್ತದೆ. ಇದು ಕಡಿಮೆಯೇ?

ಬೇಡ ಎಂದು ತಡೆದರೂ ಆಸೆ ಹೋಗುವುದಿಲ್ಲ. ಭೀಮಸೇನ ಜೋಶಿಯವರು ಗದಗಿನಲ್ಲಿ 1922ರಲ್ಲಿ ಹುಟ್ಟಿದರು. ಚಿಕ್ಕವರಿದ್ದಾಗ ಭಜನೆಯವರ, ಬ್ಯಾಂಡಿನವರ ಹಿಂದೆ ಹೋಗಿ ಎಲ್ಲೋ ಮಲಗಿಬಿಡುತ್ತಿದ್ದರಂತೆ. ಹುಡುಕಿ ಹುಡುಕಿ ಸಾಕಾದ ತಂದೆ, ಇವನು ಜೋಶಿ ಮಾಸ್ತರರ ಮಗ ಎಂದು ಅಂಗಿಯ ಮೇಲೆ ಬರೆಸಿದರಂತೆ. ಓದಲು ಬಂದವರು ಹುಡುಗನನ್ನು ಮನೆಗೆ ತಲುಪಿಸುತ್ತಿದ್ದರು! ಅಕ್ಷರದ ಉಪಯೋಗ ನೋಡಿ. 11ನೇ ವಯಸ್ಸಿಗೆ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೋದರು. ಆಮೇಲೆ ಅವರಿಗೂ ಕುಂದಗೋಳದ ಸವಾಯಿ ಗಂಧರ್ವರೇ ಗುರುಗಳಾದರು. 2008ರಲ್ಲಿ ಅವರಿಗೆ ಭಾರತರತ್ನ ಬಂತು.

ನಮ್ಮ ಮಗು ಮನೆ ಬಿಟ್ಟು ಓಡುವ ಕಾಲ ಬರಬಾರದು. ರೈಲಿನಲ್ಲಿ, ಊರೂರಲ್ಲಿ ಒಂಟಿ ಮಗುವಿಗೆ ಎಷ್ಟು ಅಪಾಯ! ಮನೆಯಲ್ಲೇ ಅದರ ಮಾತು ಕೇಳೋಣ.

ಬೇಸರ ಬಂದಾಗ

ಮೊದಲ ಎರಡು ತಿಂಗಳು ಮಗು ಕುಣಿಯುತ್ತ ಹೋಗುತ್ತದೆ. ಆಮೇಲೆ ಬೇಸರ ಬರುತ್ತದೆ. "ದಿನಾ ಅದೇ ಸರಿಗಮ" ಅನ್ನುತ್ತದೆ. ಇದು ಸಹಜ. ನಮಗೂ ಕಾಗುಣಿತ ತಿದ್ದುವಾಗ ಬೇಸರ ಬಂದಿರಲಿಲ್ಲವೇ?

ಆಗ ಮೂರು ಕೆಲಸ ಮಾಡೋಣ. ಒಂದು, ಅಭ್ಯಾಸದ ಹೊತ್ತನ್ನು ಸ್ವಲ್ಪ ಕಡಿಮೆ ಮಾಡೋಣ, ಪೂರ್ತಿ ಬಿಡಿಸುವುದು ಬೇಡ. ಎರಡು, ಕೊನೆಗೆ ಐದು ನಿಮಿಷ ಮಗುವಿಗೆ ಇಷ್ಟವಾದ ಹಾಡು ಹಾಡಿಸೋಣ. ಮೂರು, ಗುರುಗಳಿಗೆ ತಿಳಿಸೋಣ, ಒಂದು ಚಿಕ್ಕ ಹೊಸ ಪಾಠ ಕೊಡುತ್ತಾರೆ. ಇಷ್ಟು ಮಾಡಿ ಕೆಲವು ತಿಂಗಳು ನೋಡಿದ ಮೇಲೂ ಮಗುವಿಗೆ ಮನಸ್ಸಿಲ್ಲದಿದ್ದರೆ ಒತ್ತಾಯ ಬೇಡ. ಕಲಿತದ್ದು ಎಲ್ಲಿಗೂ ಹೋಗುವುದಿಲ್ಲ.

"ಚಂದ ಹಾಡಿದಿ" ಎಂದಷ್ಟೇ ಹೇಳಬೇಡಿ. ಏನು ಚಂದವಾಗಿತ್ತು ಎಂದು ಹೇಳಿ. "ನಿನ್ನೆ ನಡುವೆ ನಿಲ್ಲುತ್ತಿದ್ದಿ, ಇವತ್ತು ನಿಲ್ಲಲಿಲ್ಲ" ಎಂದರೆ ಮಗುವಿಗೆ ಗೊತ್ತಾಗುತ್ತದೆ: ಅವ್ವ ಕೇಳುತ್ತಿದ್ದಾಳೆ. ಹಾಡುವವರಿಗೆ ಕೇಳುವವರೇ ಬಲ.

ನೆನಪಿಡೋಣ

1. ಹಾಡಲು ಬಾರದಿದ್ದರೂ ಪುಸ್ತಕ ಹಿಡಿದು ಕೇಳಬಹುದು.
2. ದಿನವೂ ಸ್ವಲ್ಪ ಹೊತ್ತು, ಒಂದೇ ಜಾಗ.
3. ಗಂಟಲು ನೋವಿದ್ದರೆ ಹಾಡುವುದು ಬೇಡ.
4. ಹೆಣ್ಣು ಮಗುವಿಗೂ ಸಮನಾದ ಹೊತ್ತು.
5. ಗುರುಗಳಿಗೆ ಗೌರವ, ಮಗುವಿನ ಮಾತಿಗೂ ಬೆಲೆ.
6. ವಾದ್ಯ ಆಮೇಲೆ, ಅಭ್ಯಾಸ ಮೊದಲು.
7. ಶಾಲೆ ಬಿಡಿಸಬಾರದು.

ಮಾತಾಡೋಣ ಬನ್ನಿ

ನಮ್ಮ ಅವ್ವ, ಅಜ್ಜಿ ಹಾಡುತ್ತಿದ್ದ ಹಾಡುಗಳಲ್ಲಿ ನಮಗೆ ಎಷ್ಟು ಬರುತ್ತವೆ? ಒಂದನ್ನು ಬರೆದು ತನ್ನಿ.
ನಮ್ಮ ಮನೆಯಲ್ಲಿ ಹೆಣ್ಣು ಮಗುವಿಗೆ ದಿನಕ್ಕೆ ಎಷ್ಟು ಹೊತ್ತು ಬಿಡುವು ಸಿಗುತ್ತದೆ? ಗಂಡು ಮಗುವಿಗೆ ಎಷ್ಟು?
ನಮ್ಮ ಊರಲ್ಲಿ ಸಂಗೀತ ಹೇಳಿಕೊಡುವವರು ಯಾರಿದ್ದಾರೆ? ನಾಲ್ಕು ಜನ ಸೇರಿ ಹೋಗಿ ಕೇಳಿಕೊಂಡು ಬರೋಣವೇ?